ಮೂಲ ಎಲ್ಲಿ ಮಾರಾಯ್ರೆ?

ಎಲ್ಲ ಕಾಲದ ಶ್ರೇಷ್ಠ ಕ್ರೀಡಾಪಟು ಯಾರೆಂಬುದು ಇನ್ನೂ ತೀರ್ಮಾನವಾಗಿಲ್ಲ ಎನ್ನುವವರು ಉಡುಪಿಯ ಹೋಟೆಲಿನಲ್ಲಿ ಬೆಳಿಗ್ಗೆ ಚಾ ಕುಡಿದವರಲ್ಲ. ಇಲ್ಲಿ ಅದು ದಿನಾ ಇತ್ಯರ್ಥವಾಗುತ್ತದೆ. ಬನ್ಸ್ ಬರುವ ಮೊದಲು ಒಬ್ಬರು ಶ್ರೇಷ್ಠರು, ಬನ್ಸ್ ಮುಗಿಯುವಾಗ ಇನ್ನೊಬ್ಬರು. ತೀರ್ಪು ಕೊಡುವವರು ಅಂಪೈರ್ ಮಾವ.

ಈ ಮಾವ ಒಬ್ಬರೇ ಅಂತ ತಿಳಿಯಬೇಡಿ. ಒಬ್ಬರು ಅಜ್ಜರಕಾಡಿನಲ್ಲಿ ವಾಕಿಂಗ್ ಹೆಸರಿನಲ್ಲಿ ನಿಂತಿರುತ್ತಾರೆ. ಕಾಪುವಿನವರು ಲೈಟ್‌ಹೌಸಿನ ಬುಡದಲ್ಲಿ, ಕಾರ್ಕಳದವರು ಬಸ್‌ಸ್ಟ್ಯಾಂಡಿನಲ್ಲಿ, ಮಣಿಪಾಲದವರು ಎಂಡ್ ಪಾಯಿಂಟಿನಲ್ಲಿ ಸಿಗುತ್ತಾರೆ. ನಿವೃತ್ತಿಯಾದದ್ದು ಬ್ಯಾಂಕಿನಿಂದಲೋ ಬೊಂಬಾಯಿಯ ಹೋಟೆಲಿನಿಂದಲೋ ಇರಬಹುದು. ಸ್ವತಃ ಓಡಿದ್ದು ಮಾತ್ರ ಮಂಗಳೂರು ಎಕ್ಸ್‌ಪ್ರೆಸ್ ಬಸ್ಸಿನ ಹಿಂದೆ.

ತೀರ್ಪಿಗೆ ಮಾವ ನೋಡುವುದು ಪದಕವನ್ನಲ್ಲ, ದಾಖಲೆಯನ್ನೂ ಅಲ್ಲ. ಅವರದ್ದು ಒಂದೇ ಪ್ರಶ್ನೆ: "ಅವನ ಮೂಲ ಎಲ್ಲಿ?"

ತುಳುನಾಡಿನಲ್ಲಿ ಇದು ಸಣ್ಣ ಪ್ರಶ್ನೆಯಲ್ಲ. ಮನುಷ್ಯ ದುಬೈಯಲ್ಲಿರಲಿ, ಡಲ್ಲಾಸಿನಲ್ಲಿರಲಿ, ಅವನ ಮೂಲ ನಾಗಬನ ಇಲ್ಲೇ ಯಾವುದೋ ಗುಡ್ಡದ ಬದಿಯಲ್ಲಿ ಇರಲೇಬೇಕು. ಅದು ಸಿಕ್ಕಿದರೆ ಅವನು ನಮ್ಮವ. ನಮ್ಮವನಾದ ಮೇಲೆ ಶ್ರೇಷ್ಠನೆಂದು ಬೇರೆ ಹೇಳಬೇಕಾ?

ಪ್ರಕಾಶ್ ಪಡುಕೋಣೆ 1980ರಲ್ಲಿ ಲಿಯೆಮ್ ಸ್ವೀ ಕಿಂಗ್‌ನನ್ನು ಸೋಲಿಸಿ ಆಲ್ ಇಂಗ್ಲೆಂಡ್ ಗೆದ್ದರು. ಹುಟ್ಟಿದ್ದು ಬೆಂಗಳೂರಿನಲ್ಲಿ ಎಂದರೆ ಮಾವ ನಗುತ್ತಾರೆ. "ಹೆಸರಿನಲ್ಲೇ ಊರು ಉಂಟಲ್ಲ ಮಾರಾಯ! ಮರವಂತೆ ದಾಟಿ ಪಡುಕೋಣೆಗೆ ಹೋಗಿ ನೋಡು." ರವಿ ಶಾಸ್ತ್ರಿ 1985ರಲ್ಲಿ ಬರೋಡದ ತಿಲಕ್ ರಾಜ್ ಓವರಿಗೆ ಆರು ಸಿಕ್ಸರ್ ಹೊಡೆದದ್ದು, ಅದೇ ವರ್ಷ ಆಸ್ಟ್ರೇಲಿಯದಲ್ಲಿ ಔಡಿ ಕಾರು ಗೆದ್ದದ್ದು ಬೇರೆಯವರಿಗೆ ಕ್ರಿಕೆಟ್ ಚರಿತ್ರೆ. ಕಾರ್ಕಳದ ಮಾವನಿಗೆ ಮುಖ್ಯವಾದದ್ದು ಶಾಸ್ತ್ರಿಗಳು ಎರ್ಲಪಾಡಿಯ ಕರ್ವಾಲಿಗೆ ಬಂದು ಪೂಜೆ ಮಾಡಿಸಿದ್ದು. ಆ ಆರನೇ ಸಿಕ್ಸರ್ ಬಿದ್ದದ್ದು ಕರ್ವಾಲಿನ ಕಡೆಗೇ ಎಂಬಂತೆ ಅವರು ಕೈ ತೋರಿಸುತ್ತಾರೆ.

ತಂದೆಯ ಕಡೆಯಿಂದ ಮೂಲ ಸಿಗದಿದ್ದರೆ ಅಳಿಯಕಟ್ಟಿನ ಪ್ರಕಾರ ತಾಯಿಯ ಕಡೆ ಹುಡುಕುತ್ತಾರೆ. ಅಲ್ಲೂ ಸಿಗದಿದ್ದರೆ ಗಡಿಯನ್ನೇ ಸರಿಸುತ್ತಾರೆ. ಉಡುಪಿ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಆದರೆ ಮೂಲ್ಕಿಯಲ್ಲಿ ಹುಟ್ಟಿದ ಬುಧಿ ಕುಂದೆರನ್ ಮದ್ರಾಸಿನಲ್ಲಿ ಇಂಗ್ಲೆಂಡ್ ವಿರುದ್ಧ 192 ಹೊಡೆದ ಸುದ್ದಿ ಬಂದ ಕೂಡಲೇ ಮಾವ "ಅವಿಭಜಿತ ಜಿಲ್ಲೆ" ಎನ್ನುತ್ತಾರೆ. ಪಿ.ಟಿ. ಉಷಾ ಲಾಸ್ ಏಂಜಲೀಸಿನಲ್ಲಿ ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಪದಕ ತಪ್ಪಿಸಿಕೊಂಡ ಮಾತು ಎದ್ದರೆ, "ಮದ್ರಾಸ್ ಪ್ರಾಂತ್ಯ ಇರುವಾಗ ಮಲಬಾರೂ ನಾವೂ ಒಟ್ಟಿಗೇ ಇದ್ದದ್ದಲ್ವಾ?" ಎಂದು ನಿಟ್ಟುಸಿರು ಬಿಡುತ್ತಾರೆ. ಮೊನ್ನೆ ಮಣಿಪಾಲದಲ್ಲಿ ಓದುವ ದೆಹಲಿಯ ಹುಡುಗನೊಬ್ಬ ಮೆಸ್ಸಿಯೋ ರೊನಾಲ್ಡೋನೋ ಎಂದು ಕೇಳಿದ. ಮಾವ ಇಬ್ಬರಿಗೂ ನಾಗದೋಷ ಉಂಟು ಎಂದರು.

ಅವರ ಜೀವನದ ಸುವರ್ಣಯುಗ 2020ರ ಫೆಬ್ರವರಿ. ಐಕಳದ ಕಂಬಳದಲ್ಲಿ ಮೂಡುಬಿದಿರೆ ಕಡೆಯ ಶ್ರೀನಿವಾಸ ಗೌಡರು 142.5 ಮೀಟರ್ ಕರೆಯನ್ನು, ಅಂದರೆ ಕೋಣ ಓಡುವ ಕೆಸರಿನ ಟ್ರ್ಯಾಕನ್ನು, 13.62 ಸೆಕೆಂಡಿನಲ್ಲಿ ಮುಗಿಸಿದರು. ಯಾರೋ ಭಾಗಿಸಿದರು, ನೂರು ಮೀಟರಿಗೆ 9.55 ಬಂತು. ಉಸೇನ್ ಬೋಲ್ಟ್‌ನ ಬರ್ಲಿನ್ ದಾಖಲೆ 9.58. ಕೇಂದ್ರ ಕ್ರೀಡಾ ಸಚಿವರೇ ಟ್ರಯಲ್ಸಿಗೆ ಕರೆದರು. ಮಾವ ಆ ವಾರ ಚಾ ದುಡ್ಡು ಕೊಟ್ಟರು ಎಂಬುದು ಇಂದಿಗೂ ಹೋಟೆಲಿನಲ್ಲಿ ಮಾತಾಗುವ ಸಂಗತಿ. ಕೋಣದ ಹಗ್ಗ ಹಿಡಿದು ಓಡುವುದೂ ನಿಂತಲ್ಲಿಂದ ಒಬ್ಬನೇ ಓಡುವುದೂ ಒಂದೇ ಅಲ್ಲ ಎಂದು ಕಾಲೇಜಿನ ಹುಡುಗರು ವಾದಿಸಿದರು. "ಬೋಲ್ಟಿಗೆ ಕೆಸರು ಇತ್ತಾ?" ಎಂದು ಮಾವ ಬಾಯಿ ಮುಚ್ಚಿಸಿದರು. ಬೋಲ್ಟ್ ವಿಶ್ವ ಚಾಂಪಿಯನ್, ನಾನು ಕೆಸರಿನಲ್ಲಿ ಓಡುವವ ಎಂದು ಗೌಡರೇ ಹೇಳಿ, ಗೆಲುವಿನಲ್ಲಿ ಕೋಣಗಳಿಗೂ ಪಾಲು ಕೊಟ್ಟು, ಟ್ರಯಲ್ಸಿಗೆ ಹೋಗದೆ ಕಂಬಳಕ್ಕೇ ಮರಳಿದರು. ಮಾವ ಒಪ್ಪಲಿಲ್ಲ. ಶ್ರೇಷ್ಠ ಯಾರೆಂದು ಹೇಳುವುದು ಓಡಿದವನ ಕೆಲಸವಲ್ಲವಂತೆ.

ಅದೇ ತಿಂಗಳು ವೇಣೂರಿನಲ್ಲಿ ಬಜಗೋಳಿಯ ನಿಶಾಂತ್ ಶೆಟ್ಟಿ 143 ಮೀಟರನ್ನು 13.61 ಸೆಕೆಂಡಿನಲ್ಲಿ ಓಡಿದರು. ಬಜಗೋಳಿ ಕಾರ್ಕಳ ತಾಲೂಕು! ಅಷ್ಟು ದಿನ ಅವಿಭಜಿತವಾಗಿದ್ದ ಜಿಲ್ಲೆ ಆ ಸಂಜೆಯೇ ಮತ್ತೆ ವಿಭಜನೆಯಾಯಿತು.

ಕಾರ್ಕಳದ ಮಾವನ ಬಳಿ ಇನ್ನೊಂದು ಅಸ್ತ್ರವಿದೆ. ಯಾವ ವಾದದಲ್ಲಿ ಸೋತರೂ ಅವರು ಬೆಟ್ಟದ ಕಡೆ ಬೆರಳು ತೋರಿಸುತ್ತಾರೆ. ಅಲ್ಲಿ 1432ರಿಂದ 42 ಅಡಿ ಎತ್ತರದ ಬಾಹುಬಲಿ ನಿಂತಿದ್ದಾನೆ. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ, ಮೂರೂ ಈವೆಂಟಿನಲ್ಲಿ ಚಕ್ರವರ್ತಿಯಾದ ಅಣ್ಣನನ್ನೇ ಸೋಲಿಸಿ, ಗೆದ್ದ ರಾಜ್ಯವನ್ನು ಅಲ್ಲೇ ಬಿಟ್ಟು ಹೋದವ. "ನಿಮ್ಮ ಫೆಲ್ಪ್ಸ್ 23 ಚಿನ್ನ ಗೆದ್ದ. ಒಂದಾದರೂ ವಾಪಸ್ ಕೊಟ್ಟನಾ?"

ವಿಚಿತ್ರವೆಂದರೆ, ಮೂಲ ಹುಡುಕಬೇಕಾದ ಅಗತ್ಯವೇ ಇಲ್ಲದವರಲ್ಲಿ ಮಾವನಿಗೆ ಆಸಕ್ತಿ ಕಮ್ಮಿ. ವಂಡ್ಸೆ ಕಡೆಯ ಗುರುರಾಜ ಪೂಜಾರಿ 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್‌ನಲ್ಲಿ 249 ಕಿಲೋ ಎತ್ತಿ ಬೆಳ್ಳಿ ತಂದರು, 2022ರಲ್ಲಿ ಬರ್ಮಿಂಗ್‌ಹ್ಯಾಮಿನಿಂದ ಕಂಚು ತಂದರು. ಕಾರ್ಕಳದ ಹೆರ್ಮುಂಡೆಯ ಮಮತಾ ಪೂಜಾರಿ ಕಬಡ್ಡಿಯಲ್ಲಿ ಏಷ್ಯನ್ ಗೇಮ್ಸ್ ಚಿನ್ನ ಗೆದ್ದು 2014ರಲ್ಲಿ ಅರ್ಜುನ ಪ್ರಶಸ್ತಿ ಪಡೆದರು. ಸಿದ್ದಾಪುರ ಬಳಿಯ ಜನ್ಸಾಲೆಯ ಅಶ್ವಿನಿ ಅಕ್ಕುಂಜಿ 2010ರ ಗುವಾಂಗ್‌ಜೌ ಏಷ್ಯನ್ ಗೇಮ್ಸ್‌ನಲ್ಲಿ 400 ಮೀಟರ್ ಹರ್ಡಲ್ಸ್ ಗೆದ್ದರು. ಇವರೆಲ್ಲ ಇಲ್ಲಿನವರೇ ಎಂದು ಊರಿಗೇ ಗೊತ್ತು. ಗೊತ್ತಿದ್ದದ್ದರಲ್ಲಿ ಮಾವನಿಗೆ ಕಂಡುಹಿಡಿಯಲು ಏನುಂಟು? "ಅವಳಾ? ಅವಳ ಚಿಕ್ಕಪ್ಪ ನನಗೆ ಗೊತ್ತು" ಎಂದು ಮುಗಿಸುತ್ತಾರೆ. ಬೆಳಿಗ್ಗೆ ಅಜ್ಜರಕಾಡಿನ ಸಿಂಥೆಟಿಕ್ ಟ್ರ್ಯಾಕಿನಲ್ಲಿ ಬೆವರು ಸುರಿಸುವ ಮಕ್ಕಳಂತೂ ಅವರ ವಾಕಿಂಗಿಗೆ ಅಡ್ಡ.

ಆ ಮಕ್ಕಳಲ್ಲಿ ಒಬ್ಬಳು ಹೊರಗೆ ಹೋಗಿ ಪದಕ ತಂದಳೋ, ಮಾವ ಎದ್ದರು. ತೆರೆದ ಜೀಪು, ಚೆಂಡೆ, ಫ್ಲೆಕ್ಸು. ಫ್ಲೆಕ್ಸಿನಲ್ಲಿ ಹುಡುಗಿಯ ಫೋಟೋಕ್ಕಿಂತ ಶುಭ ಕೋರುವವರ ಫೋಟೋ ದೊಡ್ಡದು. ನಂತರ ಹುಟ್ಟೂರ ಸನ್ಮಾನ: ಪೇಟ, ಶಾಲು, ಹಣ್ಣಿನ ಬುಟ್ಟಿ, ಸ್ಮರಣಿಕೆ. ಮೈಕು ಮಾವನ ಕೈಗೆ. ಅವಳ ಅಜ್ಜಿಯ ತವರು, ಅಜ್ಜನ ಗುತ್ತು, ಮೂಲ ನಾಗಬನ, ಎಲ್ಲ ಬರುತ್ತದೆ. ಓಡಿದ್ದು ಎಷ್ಟು ಮೀಟರ್ ಎಂಬುದು ಮಾತ್ರ ಪಕ್ಕದವರು ಕಿವಿಯಲ್ಲಿ ಹೇಳಬೇಕು. ಹನ್ನೆರಡು ಸೆಕೆಂಡಿನ ಓಟಕ್ಕೆ ಮುಕ್ಕಾಲು ಗಂಟೆಯ ಭಾಷಣ. ಪೇಟ ಕಣ್ಣಿಗೆ ಜಾರುತ್ತಿದ್ದರೂ ಸರಿಪಡಿಸಿಕೊಳ್ಳದೆ, ತೊಡೆಯ ಮೇಲಿನ ಹಣ್ಣಿನ ಬುಟ್ಟಿ ಬೀಳದಂತೆ ಹಿಡಿದುಕೊಂಡು, ಮುಖದ ನಗೆ ಒಂದಿಷ್ಟೂ ಮಾಸದಂತೆ ಆ ಹುಡುಗಿ ಕೂತಿರುತ್ತಾಳೆ. ನನ್ನನ್ನು ಕೇಳಿದರೆ ಶ್ರೇಷ್ಠತೆಯ ವಾದ ಅಲ್ಲಿಗೇ ಮುಗಿಯಬೇಕು. ಬೋಲ್ಟ್ ಆಗಿದ್ದರೆ ಹತ್ತನೇ ಸೆಕೆಂಡಿಗೇ ಹೊರಗೆ ಓಡಿರುತ್ತಿದ್ದ.