ಟವಲ್ಲಿನ ಕೆಳಗೆ

ಜೋಡಿ ಮೂಕಾಭಿನಯ ಕಲಿಯಲು ಫ್ರಾನ್ಸಿನ ಮೂಕನಟ ಮಾರ್ಸೆಲ್ ಮಾರ್ಸೊನ ಹೆಸರು ಜಪಿಸಬೇಕಿಲ್ಲ. ಹಾವೇರಿಯ ದನದ ಸಂತೆಗೆ ಬರ್ರಿ. ರೈತ, ದಲಾಲ ಕೈಕೈ ಹಿಡಿದು ಮೇಲೊಂದು ಟವಲ್ ಹೊದಿಸುತ್ತಾರೆ. ಒಳಗೆ ಬೆರಳುಗಳು ಸಾವಿರದ ಲೆಕ್ಕ ಹೇಳುತ್ತವೆ; ಹೊರಗೆ ಇಬ್ಬರೂ ಮಳೆ ಬರುತ್ತದೋ ಎಂದು ಆಕಾಶ ನೋಡುತ್ತಿರುತ್ತಾರೆ. ದಲಾಲ ಒಂದು ಬೆರಳು ಕಡಿಮೆ ಹಿಡಿದನೋ, ರೈತನ ಹುಬ್ಬು ಗಂಟಾಯಿತು. ರೈತ ಕೈ ಕೊಸರಿಕೊಂಡು ಹೊರಡುತ್ತಾನೆ, ಆದರೆ ದೂರ ಹೋಗುವುದಿಲ್ಲ. ದಲಾಲ ತೋಳು ಹಿಡಿದು ಎಳೆಯುತ್ತಾನೆಂಬುದು ಅವನಿಗೂ ಗೊತ್ತು, ಎತ್ತಿಗೂ ಗೊತ್ತು!

ಆದರೆ ಜೋಡಿ ಮೂಕಾಭಿನಯಕ್ಕೆ ನಿಂತ ರಾಣೆಬೆನ್ನೂರಿನ ಕಾಲೇಜು ಹುಡುಗರು ಮುಖಕ್ಕೆ ಬಿಳಿ ಬಳಿದುಕೊಂಡು ಇಲ್ಲದ ಹಗ್ಗ ಜಗ್ಗಿದರೆ, ಒಬ್ಬನ ತುದಿ ಎದೆಮಟ್ಟ, ಇನ್ನೊಬ್ಬನದು ಮೊಣಕಾಲಮಟ್ಟ. ಬ್ಯಾಡಗಿ ಮೆಣಸಿನಕಾಯಿಯ ಹಾಗೆ ಬಣ್ಣ ಜಾಸ್ತಿ, ಖಾರ ಕಡಿಮೆ. ಅಳುವ ದೃಶ್ಯವಿದ್ದರೆ ಬ್ಯಾಡಗಿ ಮಾರುಕಟ್ಟೆಯಲ್ಲೇ ತಾಲೀಮು ಮಾಡಲಿ, ಘಾಟಿಗೆ ಕಣ್ಣೀರು ತಾನಾಗಿಯೇ ಬರುತ್ತದೆ. ಮೂಕವಾಗಿ ಸೀನುವುದನ್ನು ಮಾತ್ರ ಮಾರ್ಸೊನೇ ಬಂದು ಕಲಿಸಬೇಕಿತ್ತು.