ನೋಟಿಸ್ ಅಂಟಿಸುವ ಮುಂಚೆ

"ಅಣ್ಣಾ, ಟ್ರೇನಿಂಗ್‌ನಲ್ಲಿ ಒಂದು ರಾಶಿ ಪ್ರಶ್ನೆ ಕೊಟ್ಟು ಟಿಕ್ ಹಾಕಿಸಿದ್ರು. ನಾನು ಎಲ್ಲರನ್ನೂ ಜೊತೆಗೆ ಕರ್ಕೊಂಡು ಹೋಗೋ ಲೀಡರ್ ಅಂತೆ!" ಕಾಂಪೌಂಡ್ ಆಚೆಯಿಂದ ದಾವಣಗೆರೆಯ ಹುಡುಗ ಖುಷಿಯಿಂದ ಹೇಳಿದ. ಇಲ್ಲೇ ಹರಿಯಾಣದ ಮಾನೇಸರಿನ ಬಿಡಿಭಾಗಗಳ ಕಾರ್ಖಾನೆಯೊಂದರಲ್ಲಿ ಈಗಷ್ಟೇ ಸೂಪರ್‌ವೈಸರ್ ಆಗಿದ್ದಾನೆ. ಮುಂದಿನ ತಿಂಗಳಿಂದ ಶಿಫ್ಟ್ ವೇಳೆ ಬದಲಾಗುತ್ತದೆ, ಅದನ್ನು ಹುಡುಗರಿಗೆ ಹೇಳುವ ಹೊಣೆ ಇವನದು.

"ಒಳ್ಳೇದು ಕಣೋ. ಆದರೆ ಉತ್ತರ ಬರೆದವನೂ ನೀನೇ ಅಲ್ವಾ? ನಿನ್ನ ಲೈನಿನವರನ್ನು ಕೇಳಿದ್ರಾ?"

ಮಾನೇಸರಿನಲ್ಲಿ ನಿಂತು ಕೆಲಸಗಾರರ ಮಾತು ಕೇಳುವ ವಿಷಯ ಎತ್ತಿದ ಮೇಲೆ ಮಾರುತಿ ಕಾರು ಕಂಪನಿಯ ಕಥೆ ಬರಲೇಬೇಕು. 1983ರಲ್ಲಿ ಗುಡಗಾಂವ್‌ನಿಂದ ಮೊದಲ ಕಾರು ಹೊರಬಿದ್ದಾಗ, ಅಲ್ಲಿನ ನಡಾವಳಿಯೇ ನಮ್ಮ ದೇಶಕ್ಕೆ ಹೊಸದು. ದೊಡ್ಡ ಸಾಹೇಬರಿಗೂ ಕಾರ್ಮಿಕರಿಗೂ ಒಂದೇ ಸಮವಸ್ತ್ರ, ಒಂದೇ ಕ್ಯಾಂಟೀನು. ಅದು ದೊಡ್ಡ ಹೆಜ್ಜೆಯೇ, ನನಗೆ ಈಗಲೂ ಅದರ ಬಗ್ಗೆ ಗೌರವವಿದೆ. ಅದೇ ಕಂಪನಿಯ ಮಾನೇಸರ್ ಘಟಕದಲ್ಲಿ 2011ರ ಜೂನ್‌ನಲ್ಲಿ, ನಮ್ಮದೇ ಯೂನಿಯನ್ ಬೇಕು ಅಂತ ಹುಡುಗರು 13 ದಿನ ಕೆಲಸ ನಿಲ್ಲಿಸಿದರು. ಚಹಾಕ್ಕೆ ಸಿಗೋದು ಏಳೆಂಟು ನಿಮಿಷ, ಅದರಲ್ಲೇ ಶೌಚಕ್ಕೂ ಓಡಬೇಕು ಅನ್ನೋದು ಅವರ ಅಳಲು. ಆಗಸ್ಟ್ ಕೊನೆಗೆ, ಸನ್ನಡತೆಯ ಮುಚ್ಚಳಿಕೆಗೆ ಸಹಿ ಹಾಕಿದರಷ್ಟೇ ಗೇಟಿನೊಳಗೆ ಅಂದಿತು ಕಂಪನಿ. 2012ರ ಜುಲೈ 18ರಂದು ಅದೇ ಘಟಕದಲ್ಲಿ ಗಲಭೆಯಾಗಿ, ಬೆಂಕಿಯಲ್ಲಿ ಎಚ್‌ಆರ್ ಅಧಿಕಾರಿ ಅವನೀಶ್ ಕುಮಾರ್ ದೇವ್ ತೀರಿಕೊಂಡರು. ಆ ಸಾವಿಗೆ ಯಾವ ಅಳಲೂ ಸಮರ್ಥನೆಯಲ್ಲ. 2017ರಲ್ಲಿ 13 ಮಂದಿಗೆ ಜೀವಾವಧಿ ಶಿಕ್ಷೆಯಾಯಿತು, 117 ಮಂದಿ ಖುಲಾಸೆಯಾದರು. ಖುಲಾಸೆಯಾದವರಲ್ಲೂ ಎಷ್ಟೋ ಜನ ಅಷ್ಟು ಹೊತ್ತಿಗೆ ವರ್ಷಗಟ್ಟಲೆ ಜೈಲಿನಲ್ಲಿ ಕಳೆದಿದ್ದರು.

ಒಂದೇ ಬಟ್ಟೆ ತೊಟ್ಟು ಒಟ್ಟಿಗೆ ಉಂಡರೂ ಕೆಳಗಿನ ಮಾತು ಮೇಲೆ ಹತ್ತದೇ ಹೋಗಬಹುದು. ನನಗೆ ಹೆದರಿಕೆ ಅದೇ.

"ನಾನು ಹಾಗಲ್ಲ ಅಣ್ಣಾ, ಎಲ್ಲರ ಮಾತೂ ಕೇಳ್ತೀನಿ."

"ಸರಿ. 'ಇದು ಆಗಲ್ಲ ಸಾಬ್' ಅಂತ ನಿನ್ನೆದುರು ಕೊನೆಯ ಸಲ ಹೇಳಿದವನು ಯಾರು?"

ಯೋಚಿಸಿದ. ಹೆಸರು ಹೊಳೆಯಲಿಲ್ಲ.

ಯಾರೂ ಎದುರಾಡಿಲ್ಲ ಅಂದರೆ ಎಲ್ಲರೂ ಒಪ್ಪಿದ್ದಾರೆ ಅಂತ ತಿಳಿಯೋದು ಹೊಸ ಸೂಪರ್‌ವೈಸರುಗಳ ಸಹಜ ಲೆಕ್ಕ. ಆದರೆ ಗುತ್ತಿಗೆಯ ಹುಡುಗ ಬಾಯಿ ಬಿಟ್ಟರೆ ನಾಳೆ ಗೇಟ್ ಪಾಸೇ ಇರಲ್ಲ. ಅವನು ಬಿಹಾರದಿಂದಲೋ ಒಡಿಶಾದಿಂದಲೋ ಬಂದು ಅಲಿಯರ್, ಕಾಸನ್ ಹಳ್ಳಿಗಳ ಕಡೆ ನಾಲ್ಕೈದು ಜನರ ಜೊತೆ ಒಂದು ರೂಮು ಹಿಡಿದಿರುತ್ತಾನೆ. ಒಬ್ಬ ಡ್ಯೂಟಿಗೆ ಹೋದಾಗ ಇನ್ನೊಬ್ಬ ಅದೇ ಹಾಸಿಗೆಯಲ್ಲಿ ಮಲಗುವುದೂ ಉಂಟು. ಶಿಫ್ಟ್ ಎರಡು ಗಂಟೆ ಹಿಂದೆ ಸರಿದರೆ ಅವರ ನಿದ್ದೆ, ಅಡುಗೆ, ನೀರು ತುಂಬಿಸುವ ಪಾಳಿ, ಶೇರ್ ಆಟೋ ಎಲ್ಲ ಕೆಡುತ್ತದೆ.

"ಆದ್ರೆ ವೇಳೆ ಬದಲಿಸೋ ಅಧಿಕಾರ ನಂಗಿಲ್ಲ ಅಣ್ಣಾ. ಸೋಮವಾರ ನೋಟಿಸ್ ಅಂಟಿಸ್ತಾರೆ."

"ಯಾರನ್ನ ಯಾವ ಶಿಫ್ಟಿಗೆ ಹಾಕೋದು ಅನ್ನೋ ಪಟ್ಟಿ ಬರೆಯೋನು ನೀನೇ ತಾನೆ? ಯಾರ್ಯಾರು ಒಂದೇ ರೂಮಿನಲ್ಲಿದ್ದಾರೆ, ಯಾರಿಗೆ ರಾತ್ರಿ ಆಟೋ ಸಿಗಲ್ಲ, ಸೋಮವಾರಕ್ಕೆ ಮುಂಚೆ ಒಬ್ಬೊಬ್ಬನನ್ನೇ ಕೇಳು. ಗುತ್ತಿಗೆಯವರಿಂದ ಶುರು ಮಾಡು."