ಮಾಜಿತ್ವ ಮೀಮಾಂಸೆ: ರಿಯಾಯಿತಿ ಕಾಂಡ

ವಿಘ್ನನಿವಾರಕನಾದ ಗಣಪತಿಗೂ ವಿಘ್ನಕಾರಕನಾದ ಕೌಂಟರ್ ಗುಮಾಸ್ತನಿಗೂ ಸಮಾನ ಭಕ್ತಿಯಿಂದ ವಂದಿಸಿ ಈ ಶಾಸ್ತ್ರವನ್ನು ಆರಂಭಿಸಲಾಗುತ್ತದೆ.

ಗ್ರಂಥಕ್ಕೆ ಅನುಬಂಧ ಚತುಷ್ಟಯ ಇರಬೇಕೆಂಬುದು ಹಿರಿಯರ ಕಟ್ಟಳೆ. ವಿಷಯ: ತಾನು ಸೈನಿಕನಾಗಿದ್ದೆನೆಂದು ಸಾಧಿಸುವುದು. ಪ್ರಯೋಜನ: ಮನೆ ಕಂದಾಯದಲ್ಲಿ ರಿಯಾಯಿತಿ, ಪರೀಕ್ಷಾ ಶುಲ್ಕದಲ್ಲಿ ಕಡಿತ, ವಿಮಾನದ ಮೂಲದರದಲ್ಲಿ ಇಳಿಕೆ, ಕ್ಯಾಂಟೀನಿನಲ್ಲಿ ಅಗ್ಗದ ಕುಕ್ಕರು. ಅಧಿಕಾರಿ: ಕಾಗದಗಳನ್ನೆಲ್ಲ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಬೆಳಿಗ್ಗೆ ಒಂಬತ್ತಕ್ಕೇ ಬಂದು ಸರದಿಯಲ್ಲಿ ನಿಂತವನು. ಸಂಬಂಧ: ಆ ಕಾಗದದಲ್ಲಿರುವ ಹೆಸರಿಗೂ ಅದನ್ನು ಹಿಡಿದು ನಿಂತವನಿಗೂ ಇರುವುದು. ಇರುವುದೇ, ಇಲ್ಲವೇ ಎಂಬುದೇ ಈ ಗ್ರಂಥದ ವಿವಾದ.

ಉದಾಹರಣೆಗೆ ಹೊಸಬನನ್ನು ಹುಡುಕಬೇಕಾಗಿಲ್ಲ. ಶತಮಾನಗಳಿಂದ ತರ್ಕಗ್ರಂಥಗಳ ಉದಾಹರಣೆಗಳಲ್ಲಿ ಸಂಬಳವಿಲ್ಲದೆ ದುಡಿದ ದೇವದತ್ತನೇ ಸಾಕು. ಅವನು ಹವಾಲ್ದಾರನಾಗಿ ನಿವೃತ್ತಿ ಹೊಂದಿ ಊರಿಗೆ ಬಂದಿದ್ದಾನೆ ಎಂದಿಟ್ಟುಕೊಳ್ಳೋಣ.

1. ಲಕ್ಷಣ ಪ್ರಕರಣ

ಸೂತ್ರ: ಸಮವಸ್ತ್ರ ಕಳಚಿದವರೆಲ್ಲ ಮಾಜಿ ಸೈನಿಕರಲ್ಲ.

ಭಾಷ್ಯ: ಪಾಮರರು ಹಾಗೆ ಭಾವಿಸುತ್ತಾರೆ, ನಿಯಮ ಭಾವಿಸುವುದಿಲ್ಲ. ಮಾಜಿ ಸೈನಿಕನೆಂದರೆ ಯಾರೆಂಬುದಕ್ಕೆ ಕೇಂದ್ರ ಸರ್ಕಾರದ 1979ರ ಪುನರುದ್ಯೋಗ ನಿಯಮಾವಳಿಯೂ ಅದರ ತಿದ್ದುಪಡಿಗಳೂ ಇವೆ. ಪಿಂಚಣಿಯೊಂದಿಗೆ ಬಂದವನು ಮಾಜಿ. ಪಿಂಚಣಿ ಸಲ್ಲುವ ಮೊದಲೇ ತಾನಾಗಿ ಕೇಳಿಕೊಂಡು ಬಿಟ್ಟುಬಂದವನು ಎಷ್ಟೇ ಹಿಮ ತುಳಿದಿದ್ದರೂ ಮಾಜಿಯಲ್ಲ. 2022ರ ಅಗ್ನಿಪಥ ಯೋಜನೆಯಂತೂ ತತ್ತ್ವಶಾಸ್ತ್ರಕ್ಕೆ ಹೊಸ ಪದಾರ್ಥವನ್ನೇ ಕೊಟ್ಟಿದೆ. ನಾಲ್ಕು ವರ್ಷದ ನಂತರ ಗರಿಷ್ಠ ಶೇ. 25ರಷ್ಟು ಅಗ್ನಿವೀರರು ಸೇನೆಯಲ್ಲಿ ಉಳಿಯುತ್ತಾರೆ. ಮಿಕ್ಕವರಿಗೆ ಪಿಂಚಣಿಯೂ ಇಲ್ಲ, ಮಾಜಿ ಸೈನಿಕರ ಸ್ಥಾನವೂ ಇಲ್ಲ. ಹಾಲಿಯೂ ಅಲ್ಲದ ಮಾಜಿಯೂ ಅಲ್ಲದ ಈ ಸ್ಥಿತಿಗೆ ತ್ರಿಶಂಕುವಿನ ಹೊರತು ಪೂರ್ವಾಚಾರ್ಯರಿಲ್ಲ.

ಇನ್ನು, ಒಮ್ಮೆ ಹುಟ್ಟಿದ ಮಾಜಿತ್ವ ನಾಶವಾಗಬಲ್ಲುದೇ? ಆಗಬಲ್ಲುದು. ಕೊಡಗಿನ ಕೆ. ಎಂ. ಕಾರ್ಯಪ್ಪನವರು 1953ರಲ್ಲಿ ಜನರಲ್ ಆಗಿ ನಿವೃತ್ತರಾದರು. 1986ರಲ್ಲಿ ಅವರಿಗೆ ಫೀಲ್ಡ್ ಮಾರ್ಷಲ್ ಪದವಿ ಬಂತು. ಫೀಲ್ಡ್ ಮಾರ್ಷಲ್‌ಗೆ ನಿವೃತ್ತಿಯೆಂಬುದಿಲ್ಲ. ಅಂದರೆ ಅವರ ಮಾಜಿತ್ವವು ಹುಟ್ಟಿ, 33 ವರ್ಷ ಬಾಳಿ, ಪ್ರಧ್ವಂಸಾಭಾವವನ್ನು ಹೊಂದಿತು. ದೇವದತ್ತನಿಗೆ ಈ ಭಯವಿಲ್ಲ.

2. ಪ್ರಮಾಣ ಪ್ರಕರಣ

ಸೂತ್ರ: ಪ್ರಮಾಣಗಳು ಆರು. ಏಳನೆಯದು ಝೆರಾಕ್ಸ್.

ಪ್ರತ್ಯಕ್ಷ: ದೇವದತ್ತ ಕೌಂಟರಿನ ಮುಂದೆ ಎದೆಯೆತ್ತಿ ನಿಂತಿದ್ದಾನೆ. ಮೀಸೆಯಿದೆ, ಬೂಟಿಗೆ ಪಾಲಿಶ್ ಇದೆ, ‘ಹೇಳಿ’ ಎಂದರೆ ಹಿಮ್ಮಡಿ ತಾವಾಗಿಯೇ ಕೂಡುತ್ತವೆ. ಚಾರ್ವಾಕರಾದರೆ ಇಷ್ಟಕ್ಕೇ ಒಪ್ಪುತ್ತಿದ್ದರು. ಆದರೆ ಕಚೇರಿಗಳಲ್ಲಿ ಚಾರ್ವಾಕರ ನೇಮಕಾತಿ ನಿಂತುಹೋಗಿದೆ. “ನೀವ್ ಬಂದ್ರೆ ಆಗೋಯ್ತಾ ಸಾರ್? ಒರಿಜಿನಲ್ ತಂದಿದೀರಾ?” ಪ್ರತಿ ನವೆಂಬರಿನಲ್ಲಿ ಅವನು ತಾನು ಬದುಕಿರುವುದನ್ನೂ ಸಾಧಿಸಬೇಕು. 2014ರಲ್ಲಿ ಬಂದ ಜೀವನ್ ಪ್ರಮಾಣ್ ವ್ಯವಸ್ಥೆ ಬೆರಳಚ್ಚು ಕೇಳುತ್ತದೆ. ರೈಫಲ್ಲನ್ನೂ ಆಮೇಲೆ ಗುದ್ದಲಿಯನ್ನೂ ಹಿಡಿದು ಸವೆದ ಬೆರಳು ಯಂತ್ರದ ಮೇಲೆ ಮೂಡುವುದಿಲ್ಲ. ಬ್ಯಾಂಕಿನ ಮ್ಯಾನೇಜರು ಅವನೊಂದಿಗೆ ಕಾಫಿ ಕುಡಿಯುತ್ತ, “ಸಾರ್, ಸಿಸ್ಟಮ್ಮಲ್ಲಿ ನೀವಿನ್ನೂ ಬದುಕಿಲ್ಲ” ಎಂದು ವಿಷಾದಿಸುತ್ತಾರೆ.

ಅನುಮಾನ: ಎಲ್ಲೆಲ್ಲಿ ಹೊಗೆಯೋ ಅಲ್ಲಲ್ಲಿ ಬೆಂಕಿ; ಎಲ್ಲೆಲ್ಲಿ ‘ಆರ್ಮಿ’ ಸ್ಟಿಕ್ಕರೋ ಅಲ್ಲಲ್ಲಿ ಸೈನಿಕ. ಈ ವ್ಯಾಪ್ತಿ ನಿಲ್ಲದು. ಸ್ಟಿಕ್ಕರು ದೇವದತ್ತನ ಭಾವಮೈದುನನ ಬುಲೆಟ್ ಮೇಲಿದೆ, ಆ ಭಾವಮೈದುನನ ಗೆಳೆಯನ ಸ್ಕಾರ್ಪಿಯೋ ಮೇಲಿದೆ. ದೇವದತ್ತನ ಹಳೆಯ ಟಿವಿಎಸ್ ಮೇಲೆ ಮಾತ್ರ ಮಂಜುನಾಥ ಸ್ವಾಮಿಯ ಚಿತ್ರವಿದೆ. ಇದನ್ನು ಸವ್ಯಭಿಚಾರವೆಂಬ ಹೇತ್ವಾಭಾಸವೆನ್ನುತ್ತಾರೆ. ವಿಚಿತ್ರವೆಂದರೆ ಪೊಲೀಸರು ಸ್ಕಾರ್ಪಿಯೋಗೆ ಸಲ್ಯೂಟ್ ಹೊಡೆದು ಟಿವಿಎಸ್‌ನ ಇನ್ಶೂರೆನ್ಸ್ ಕೇಳುತ್ತಾರೆ.

ಉಪಮಾನ: ಹಸುವನ್ನು ಬಲ್ಲವನು ಕಾಡಿನಲ್ಲಿ ಗವಯವನ್ನು ಕಂಡು ‘ಹಸುವಿನಂತಿದೆ’ ಎಂದು ಗುರುತಿಸುತ್ತಾನೆ. ಗುಮಾಸ್ತ ಡಿಸ್ಚಾರ್ಜ್ ಬುಕ್ಕಿನ ಹಳೆಯ ಫೋಟೋವನ್ನೂ ಎದುರಿನ ಮುಖವನ್ನೂ ಮೂರು ಸಲ ನೋಡಿ, “ಇದು ನಿಮ್ ಮಗಂದಾ?” ಎನ್ನುತ್ತಾನೆ. ಸಾದೃಶ್ಯ ಅಲ್ಲಿಗೆ ಮುಗಿಯಿತು.

ಅರ್ಥಾಪತ್ತಿ: ಹಳೆಯ ಗ್ರಂಥಗಳಲ್ಲಿ ದೇವದತ್ತ ಹಗಲು ಊಟ ಮಾಡದೆಯೂ ದಪ್ಪಗಿದ್ದ, ಆದ್ದರಿಂದ ರಾತ್ರಿ ಉಣ್ಣುತ್ತಾನೆಂದು ಕಲ್ಪಿಸಿದರು. ನಮ್ಮ ದೇವದತ್ತನಿಗೆ ತಿಂಗಳ ಮೊದಲ ವಾರದಲ್ಲಿ ನೆಂಟರು ಇಮ್ಮಡಿಯಾಗುತ್ತಾರೆ. ಇದು ಕ್ಯಾಂಟೀನ್ ಕೋಟಾ ಇಲ್ಲದೆ ಉಪಪನ್ನವಾಗದು. 1948ರಲ್ಲಿ ಸ್ಥಾಪನೆಯಾದ ಕ್ಯಾಂಟೀನ್ ಸ್ಟೋರ್ಸ್ ಡಿಪಾರ್ಟ್‌ಮೆಂಟು ಕಾರ್ಡುಗಳನ್ನು ಎರಡಾಗಿ ವಿಂಗಡಿಸಿದೆ: ದಿನಸಿಗೊಂದು, ಮದ್ಯಕ್ಕೊಂದು, ಅನ್ನಮಯ ಕೋಶಕ್ಕೊಂದು, ಆನಂದಮಯ ಕೋಶಕ್ಕೊಂದು. ರಕ್ಷಣಾ ಸೇವೆಯವರಿಗೆ ಮಾತ್ರ ಎಂದು ಅಚ್ಚಾದ ರಮ್ಮಿನ ಬಾಟಲಿಯನ್ನು ಕಂಡ ನೆರೆಹೊರೆಯವರು ಪಿಂಚಣಿ ಪಾವತಿ ಆದೇಶ (ಪಿಪಿಒ) ಕೇಳುವುದಿಲ್ಲ, ಅಫಿಡವಿಟ್ ಕೇಳುವುದಿಲ್ಲ, ಲೋಟ ಕೇಳುತ್ತಾರೆ. ಇಡೀ ದೇಶದಲ್ಲಿ ಮಾಜಿತ್ವ ಇಷ್ಟು ಸುಲಭವಾಗಿ ಸಿದ್ಧಿಸುವ ಸ್ಥಳ ಮತ್ತೊಂದಿಲ್ಲ.

ಅನುಪಲಬ್ಧಿ: ನೆಲದ ಮೇಲೆ ಗಡಿಗೆ ಕಾಣದಿದ್ದರೆ ಗಡಿಗೆಯಿಲ್ಲ. ಟೋಲ್ ಗೇಟಿನ ಫಲಕದಲ್ಲಿ ‘ನಿವೃತ್ತ’ ಎಂಬುದು ಕಾಣದಿದ್ದರೆ ವಿನಾಯಿತಿಯಿಲ್ಲ. ದೇವದತ್ತ 1901ರ ಟೋಲ್ ಕಾಯ್ದೆಯನ್ನು ಉಲ್ಲೇಖಿಸುತ್ತಾನೆ. “ತಾತಾ, ಅದು ಡ್ಯೂಟೀಲಿ ಇರೋರ್ಗೆ. ಪರಮವೀರ ಚಕ್ರ, ವೀರ ಚಕ್ರ ಇಂಥದ್ದೇನಾದ್ರೂ ಇದ್ರೆ ಕಾರ್ಡ್ ತೋರ್ಸಿ, ಬಿಡ್ತೀನಿ” ಎನ್ನುತ್ತಾನೆ ಹುಡುಗ. ಹಿಂದೆ ನಿಂತ ಲಾರಿಗಳು ತಮ್ಮ ತಮ್ಮ ಹಾರ್ನಿನಲ್ಲಿ ವಾದಕ್ಕೆ ಸೇರಿಕೊಳ್ಳುತ್ತವೆ. ನಿಷ್ಪಕ್ಷಪಾತವಾಗಿ ಹೇಳುವುದಾದರೆ ಈ ವಾದದಲ್ಲಿ ಗೆಲುವು ಹುಡುಗನದೇ.

ಶಬ್ದ: ಆಪ್ತವಾಕ್ಯವೇ ಪರಮ ಪ್ರಮಾಣ. ಪ್ರಯಾಗರಾಜದಿಂದ ಹೊರಡುವ ಪಿಪಿಒ, ರೆಜಿಮೆಂಟು ಕೊಟ್ಟ ಡಿಸ್ಚಾರ್ಜ್ ಬುಕ್ಕು, ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಯ ಗುರುತಿನ ಚೀಟಿ: ಇವು ಮಾಜಿತ್ವದ ಪ್ರಸ್ಥಾನತ್ರಯ. ಆದರೆ ಮೂರರಲ್ಲಿ ಏಕವಾಕ್ಯತೆಯಿಲ್ಲ. ನಮ್ಮ ಕಡೆಯ ಇನಿಷಿಯಲ್ಲು ಉತ್ತರದ ರೆಕಾರ್ಡ್ ಆಫೀಸಿಗೆ ಹೋದಾಗ ಹಿಗ್ಗಿ ಉಪನಾಮವಾಗುತ್ತದೆ. ಒಂದರಲ್ಲಿ ದೇವದತ್ತ ಎಂ., ಇನ್ನೊಂದರಲ್ಲಿ ಮಾದಪ್ಪ ದೇವದತ್ತ, ಆಧಾರಿನಲ್ಲಿ ದೇವದತ್ತಪ್ಪ. ಜೀವ ಒಂದೋ, ಹಲವೋ? ಮೂವರೂ ಬೇರೆಯೆನ್ನುವುದು ಕೌಂಟರಿನ ದ್ವೈತ. ಮೂವರೂ ಒಬ್ಬನೇ ಎಂದು ಛಾಪಾ ಕಾಗದದ ಮೇಲೆ ಬರೆಸುವುದು ಅದ್ವೈತ. ಶಂಕರಾಚಾರ್ಯರಿಗೆ ಭಾಷ್ಯಗಳನ್ನೇ ಬರೆಯಬೇಕಾಗಿ ಬಂದದ್ದನ್ನು ನೋಟರಿಯೊಬ್ಬ ಒಂದು ಸೀಲಿನಲ್ಲಿ ಮುಗಿಸುತ್ತಾನೆ.

ಲಾಭ ನಷ್ಟ ವಿಚಾರ: ಕೆಪಿಎಸ್‌ಸಿಯ ಇತ್ತೀಚಿನ ಅಧಿಸೂಚನೆಗಳಲ್ಲಿ ಸಾಮಾನ್ಯ ವರ್ಗದವರ ಶುಲ್ಕ 600 ರೂಪಾಯಿ, ಮಾಜಿ ಸೈನಿಕನದು 50. ಉಳಿತಾಯ 550. ಇದರಲ್ಲಿ ನೋಟರಿ, ಝೆರಾಕ್ಸು, ಜಿಲ್ಲಾ ಕೇಂದ್ರಕ್ಕೆ ಬಸ್ಸು, ‘ನಾಳೆ ಬನ್ನಿ’ ಎಂದದ್ದಕ್ಕೆ ಮತ್ತೊಮ್ಮೆ ಬಸ್ಸು, ಎರಡು ಇಡ್ಲಿ ಕಳೆದರೆ ಶೇಷ ಉಳಿಯುವುದು ದೇಶಪ್ರೇಮ.

3. ಐತಿಹ್ಯ ಪ್ರಕರಣ

ಸೂತ್ರ: ಹಿಂದಿನವರು ಗಟ್ಟಿ ವಸ್ತುವಿನಲ್ಲಿ ಬರೆದರು.

ಭಾಷ್ಯ: ರೋಮಿನ ಸಹಾಯಕ ಪಡೆಗಳಲ್ಲಿ 25 ವರ್ಷ ದುಡಿದವನಿಗೆ ಕಂಚಿನ ಎರಡು ತಗಡುಗಳ ಪತ್ರ ಸಿಗುತ್ತಿತ್ತು. ತಂತಿಯಿಂದ ಬಿಗಿದು ಏಳು ಸಾಕ್ಷಿಗಳ ಮುದ್ರೆ ಒತ್ತುತ್ತಿದ್ದರು. ಹೊರಗಿದ್ದ ಬರಹವೇ ಒಳಗೂ ಇರುತ್ತಿತ್ತು. ಮೂಲಪ್ರತಿಯನ್ನೂ ಝೆರಾಕ್ಸನ್ನೂ ಒಟ್ಟಿಗೇ ಕೊಟ್ಟ ಏಕೈಕ ಸರ್ಕಾರ ಅದು.

ಕನ್ನಡ ನಾಡಿನಲ್ಲಿ ವೀರಗಲ್ಲುಗಳಿದ್ದವು. ಸುಮಾರು 890ರ ಬೇಗೂರಿನ ಕಲ್ಲು ಬೆಂಗಳೂರಿನ ಕಾಳಗದಲ್ಲಿ ಸತ್ತವನನ್ನು ನೆನೆಯುತ್ತದೆ. ಹೀಗೆ ಮಡಿದವರ ಮನೆಯವರಿಗೆ ನೆತ್ತರುಗೊಡಗೆಯಾಗಿ ಭೂಮಿ ಬಿಡುತ್ತಿದ್ದರು. ಆತಕೂರಿನ ಶಾಸನದಲ್ಲಂತೂ 949ರ ತಕ್ಕೋಲದ ಯುದ್ಧದ ಮಾತು ಬಂದ ಮೇಲೆ, ಹಂದಿಯೊಂದಿಗೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಗೂ ಕಲ್ಲು ನಿಂತಿದೆ, ಭೂಮಿ ದಕ್ಕಿದೆ. ಕಾಳಿಯ ಇನಿಷಿಯಲ್ ಏನೆಂದು ಯಾರೂ ಕೇಳಲಿಲ್ಲ. ಈ ಪದ್ಧತಿಯ ದೋಷ ಒಂದೇ: ಫಲಾನುಭವಿ ಮೊದಲು ಸಾಯಬೇಕು.

4. ಸಿದ್ಧಾಂತ ಪ್ರಕರಣ

ಸೂತ್ರ: ಗೊತ್ತಿರುವವರೇ ಕೇಳುತ್ತಾರೆ.

ಭಾಷ್ಯ: ದೇವದತ್ತನ ಎದೆಯ ಸುತ್ತಳತೆ, ರಕ್ತದ ಗುಂಪು, ಹಾಕಿಸಿಕೊಂಡ ಚುಚ್ಚುಮದ್ದು, ಮದುವೆಯಾದ ದಿನ, ಮಕ್ಕಳು ಹುಟ್ಟಿದ ದಿನ, ಎಲ್ಲವೂ ಸೇನೆಯ ದಾಖಲೆಯಲ್ಲಿವೆ. ಪಿಂಚಣಿ ಈಗ ಸ್ಪರ್ಶ್ ಎಂಬ ಜಾಲತಾಣದಿಂದಲೇ ಬರುತ್ತದೆ. ಪ್ರತಿ ತಿಂಗಳು ಅವನನ್ನು ಮಾಜಿ ಸೈನಿಕನೆಂದು ನಂಬಿ ಹಣ ಹಾಕುವುದು ಸರ್ಕಾರ. ಮಾರನೆಯ ದಿನ ‘ನೀನು ಮಾಜಿ ಸೈನಿಕನೇ?’ ಎನ್ನುವುದೂ ಸರ್ಕಾರ. ಒಂದು ಕಚೇರಿಗೆ ಗೊತ್ತಿರುವುದನ್ನು ಇನ್ನೊಂದು ಕಚೇರಿಗೆ ತಲುಪಿಸಲು ಅರವತ್ತು ದಾಟಿದ ಮಂಡಿಗಳನ್ನು ಬಳಸಲಾಗುತ್ತಿದೆ. ಅದಕ್ಕೆ ಸಾರಿಗೆ ಭತ್ಯೆಯಿಲ್ಲ.

ದೇವದತ್ತ ತೀರಿಕೊಂಡರೆ ಚೀಲ ಅವನ ಹೆಂಡತಿಯ ಕೈಗೆ ಬರುತ್ತದೆ. ಅವನು ಸತ್ತದ್ದನ್ನೂ ತಾನು ಅವನ ಹೆಂಡತಿಯಾಗಿದ್ದುದನ್ನೂ ತಾನಿನ್ನೂ ಇರುವುದನ್ನೂ ಮರುಮದುವೆಯಾಗಿಲ್ಲವೆಂಬುದನ್ನೂ ಆಕೆ ಸಾಧಿಸಬೇಕು. ಭಾವಮೈದುನನ ಗೆಳೆಯನಿಗೆ ಒಂದು ಸ್ಟಿಕ್ಕರು ಸಾಕಾದಲ್ಲಿ ಆಕೆಗೆ ಆರು ಪ್ರಮಾಣಗಳೂ ಸಾಲವು. ಆದ್ದರಿಂದ ಸಿದ್ಧಾಂತವೇನೆಂದರೆ, ಪ್ರಮಾಣದ ಭಾರವು ಅರ್ಹತೆಗೆ ನೇರ ಅನುಪಾತದಲ್ಲಿದೆ.

5. ಫಲಶ್ರುತಿ

ಈ ಮೀಮಾಂಸೆಯನ್ನು ನವೆಂಬರ್ ತಿಂಗಳಲ್ಲಿ ಶುಚಿಯಾಗಿ ಪಠಿಸುವವರಿಗೆ ಸರ್ವರ್ ಡೌನ್ ಆಗದು. ಬೆರಳು ಮೊದಲ ಒತ್ತಿಗೇ ಮೂಡುವುದು. ಸೇನೆ ಕುಟುಂಬದ ವಿವರ ದಾಖಲಿಸುವ ಪಾರ್ಟ್ ಟು ಆರ್ಡರಿನಲ್ಲಿ ಮಗಳ ಹೆಸರು ಮಗಳ ಹೆಸರಾಗಿಯೇ ಇರುವುದು. ಊಟಕ್ಕೆ ಹೋದ ಗುಮಾಸ್ತ ಅದೇ ದಿನ ಮರಳುವನು. ಈ ಫಲಗಳನ್ನು ಕೋರುವವರು ತಾವು ಪಠಿಸಿದ್ದಕ್ಕೆ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಣ ಪಡೆದು, ಎರಡು ಫೋಟೋಗಳೊಂದಿಗೆ ತ್ರಿಪ್ರತಿಯಲ್ಲಿ ಖುದ್ದಾಗಿ ಸಲ್ಲಿಸತಕ್ಕದ್ದು. ಪಠಣದ ಮೂಲಪ್ರತಿ ಕಡ್ಡಾಯ.